ಮೊದಲು ಸಾಕ್ಷ್ಯ, ಆಮೇಲೆ ಬ್ಲಾಕ್: ಆನ್‌ಲೈನ್ ಕಿರುಕುಳ, ಸುಳ್ಳು ಪ್ರಚಾರಕ್ಕೆ ಗುರಿಯಾದ ಹೆಣ್ಣುಮಕ್ಕಳಿಗೆ ಸಮಗ್ರ ಮಾರ್ಗದರ್ಶಿ

ತಿರುಚಿದ ಫೋಟೊ ಹರಿದಾಡುತ್ತಿದೆ, ನಿಮ್ಮ ಹೆಸರಿನಲ್ಲಿ ನಕಲಿ ಖಾತೆ ಎದ್ದಿದೆ, ಮುಖ ಪರಿಚಯವಿಲ್ಲದವರು ಬೆದರಿಸುತ್ತಿದ್ದಾರೆ. ಇಂಥ ತೊಂದರೆಯಲ್ಲಿ ಸಿಕ್ಕಿಬಿದ್ದು ಸಹಾಯ ಕೇಳುವ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಯಾರೂ ಕೈಕಟ್ಟಿ ಕೂತಿರುವುದಿಲ್ಲ. ಬ್ಲಾಕ್ ಮಾಡಿರುತ್ತಾರೆ, ಗೆಳತಿಯರಿಗೆಲ್ಲ ಹೇಳಿ ರಿಪೋರ್ಟ್ ಮಾಡಿಸಿರುತ್ತಾರೆ, ನೋಡಲಾಗದೆ ಚಾಟ್ ಅಳಿಸಿರುತ್ತಾರೆ. ಠಾಣೆಯಲ್ಲಿ "ಎಲ್ಲಿ, ತೋರಿಸಿ" ಎಂದಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಮಾಡಿದ್ದೆಲ್ಲ ಮಾಡಬೇಕಾದ ಕೆಲಸಗಳೇ. ಕ್ರಮ ಮಾತ್ರ ಹಿಂದುಮುಂದಾಗಿತ್ತು.

ಆದ್ದರಿಂದ ಈ ಬರಹದಲ್ಲಿ ಕ್ರಮಕ್ಕೇ ಹೆಚ್ಚು ಒತ್ತು ಕೊಟ್ಟಿದ್ದೇನೆ. ಕಾನೂನಿನ ಮಾತು ಬರುವ ಕಡೆಯೆಲ್ಲ ಭಾರತದ ಕಾನೂನನ್ನೇ ಹೇಳಿದ್ದೇನೆ. ಜೀವಕ್ಕೆ ಅಪಾಯವಿದೆ, ಯಾರೋ ಮನೆಯ ಹತ್ತಿರ ಸುಳಿದಾಡುತ್ತಿದ್ದಾರೆ ಅನ್ನಿಸಿದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, 112ಕ್ಕೆ ಕರೆ ಮಾಡಿ. ಉಳಿದದ್ದು ಆಮೇಲೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ನಿಮ್ಮ ಫೋನ್, ಅದರ ಪರದೆಯ ಫೋಟೊ ತೆಗೆಯಲು ಇನ್ನೊಂದು ಫೋನ್, ಒಂದು ಹೊಸ ಪೆನ್‌ಡ್ರೈವ್, ಒಂದು ನೋಟ್‌ಪುಸ್ತಕ. ಇವೆಲ್ಲಕ್ಕಿಂತ ಮುಖ್ಯವಾಗಿ ನೀವು ನಂಬುವ ಒಬ್ಬರು: ಅಕ್ಕ, ಗೆಳತಿ, ಸಹೋದ್ಯೋಗಿ ಯಾರಾದರೂ ಸರಿ. ನಿಮ್ಮ ಮೇಲೆಯೇ ಬರೆದ ಹೊಲಸನ್ನು ಸಾಲು ಸಾಲಾಗಿ ಓದಿ ಪಟ್ಟಿ ಮಾಡುವುದು ಸುಲಭವಲ್ಲ. ಆ ಕೆಲಸ ಇನ್ನೊಬ್ಬರ ಕೈಗೆ ಹೋದರೆ ಬೇಗ ಮುಗಿಯುತ್ತದೆ, ತಪ್ಪೂ ಕಡಿಮೆಯಾಗುತ್ತದೆ.

## ಹಂತ 1: ಏನನ್ನೂ ಅಳಿಸಬೇಡಿ, ಯಾರಿಗೂ ಉತ್ತರಿಸಬೇಡಿ

ಮೊದಲ ಅರ್ಧ ಗಂಟೆಯ ಕೆಲಸ ಇಷ್ಟೇ. ನೀವು ಉತ್ತರ ಕೊಟ್ಟರೆ ಎದುರಿನವನಿಗೆ ಎರಡು ವಿಷಯ ತಿಳಿಯುತ್ತವೆ: ನೀವು ನೋಡಿದ್ದೀರಿ, ನಿಮಗೆ ನೋವಾಗಿದೆ. ಜೊತೆಗೆ "ಪೊಲೀಸರಿಗೆ ಹೇಳುತ್ತೇನೆ" ಎಂದು ಬರೆದರೆ ಅವನು ಪೋಸ್ಟ್ ಅಳಿಸಿ, ಹೆಸರು ಬದಲಿಸಿ ಮರೆಯಾಗಲು ಸಮಯ ಸಿಕ್ಕಿದಂತೆ. ದೂರು ಕೊಡುವ ವಿಚಾರ ಅವನಿಗೆ ಗೊತ್ತಾಗಬೇಕಾದ್ದು ದೂರು ದಾಖಲಾದ ಮೇಲೆ.

ಹಣ ಕೇಳುತ್ತಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಒಮ್ಮೆ ಕೊಟ್ಟವರು ಮತ್ತೆ ಕೊಡುತ್ತಾರೆ ಎಂಬುದು ಸುಲಿಗೆ ಮಾಡುವವನ ಲೆಕ್ಕ, ಹಾಗಾಗಿ ಮೊತ್ತ ಏರುತ್ತಲೇ ಹೋಗುತ್ತದೆ. ಈಗಾಗಲೇ ಕೊಟ್ಟಾಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಆ ಸಹಾಯವಾಣಿ ಮುಖ್ಯವಾಗಿ ಹಣದ ವಂಚನೆಗೆ ಇರುವುದು. ಹೋದ ಹಣ ಮುಂದೆ ದಾಟದಂತೆ ತಡೆಯಲು ಸಾಧ್ಯವಾಗುವುದು ಮೊದಲ ಗಂಟೆಗಳಲ್ಲೇ.

ಈ ಹಂತಕ್ಕೆ ಒಂದು ವಿನಾಯಿತಿ ಇದೆ. ನಿಮ್ಮದೇ ಖಾತೆ ಬೇರೆಯವರ ಕೈಗೆ ಹೋಗಿ ಅಲ್ಲಿಂದಲೇ ಸಂದೇಶಗಳು ಹೋಗುತ್ತಿದ್ದರೆ ಮೊದಲು ಹಂತ 3ರಂತೆ ಖಾತೆ ಹಿಂಪಡೆಯಿರಿ, ಆಮೇಲೆ ಹಂತ 2ಕ್ಕೆ ಬನ್ನಿ.

## ಹಂತ 2: ಸಾಕ್ಷ್ಯ ಉಳಿಸುವುದು

ಕೆಲಸದ ಬಹುಪಾಲು ಇಲ್ಲೇ ಇದೆ. ಉಳಿದ ಎಲ್ಲ ಹಂತಗಳೂ ಇದರ ಮೇಲೆ ನಿಂತಿವೆ, ಆದ್ದರಿಂದ ಅವಸರ ಮಾಡಬೇಡಿ.

ಪೂರ್ತಿ ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ಖಾತೆಯ ಹೆಸರು, ದಿನಾಂಕ, ಸಮಯ, ಪೋಸ್ಟ್ ಎಲ್ಲವೂ ಅದರಲ್ಲಿ ಕಾಣಬೇಕು. ಕ್ರಾಪ್ ಮಾಡಬೇಡಿ, ಕೆಂಪು ವೃತ್ತ ಎಳೆಯಬೇಡಿ, ಮೇಲೆ ಏನನ್ನೂ ಬರೆಯಬೇಡಿ. ಗುರುತು ಹಾಕಲೇಬೇಕಿದ್ದರೆ ಒಂದು ಪ್ರತಿ ಮಾಡಿಕೊಂಡು ಅದರ ಮೇಲೆ ಹಾಕಿ. ಮೂಲ ಚಿತ್ರ ಹಾಗೆಯೇ ಇರಲಿ.

ಲಿಂಕ್‌ಗಳನ್ನು ನಕಲಿಸಿಕೊಳ್ಳಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಸ್ಕ್ರೀನ್‌ಶಾಟ್ ಎಷ್ಟೇ ಇದ್ದರೂ ಲಿಂಕ್ ಇಲ್ಲದಿದ್ದರೆ ಕಂಪನಿಗೂ ಪೊಲೀಸರಿಗೂ ಆ ಪೋಸ್ಟ್ ಹುಡುಕುವುದು ಕಷ್ಟ. ಎರಡು ಲಿಂಕ್ ಬೇಕು: ಪೋಸ್ಟಿನದ್ದು ಒಂದು, ಹಾಕಿದವನ ಪ್ರೊಫೈಲಿನದ್ದು ಇನ್ನೊಂದು. ದಪ್ಪಕ್ಷರದಲ್ಲಿ ಕಾಣುವ ಹೆಸರನ್ನು ಯಾರು ಯಾವಾಗ ಬೇಕಾದರೂ ಬದಲಿಸಬಹುದು, ಆದ್ದರಿಂದ ಪ್ರೊಫೈಲಿನ ಯೂಸರ್‌ನೇಮ್ ಬರೆದುಕೊಳ್ಳಿ. ಇನ್‌ಸ್ಟಾಗ್ರಾಂನ ಹಲವು ಖಾತೆಗಳಲ್ಲಿ "ಅಬೌಟ್ ದಿಸ್ ಅಕೌಂಟ್" ಎಂಬ ಪುಟವಿರುತ್ತದೆ. ಖಾತೆ ಯಾವಾಗ ತೆರೆದದ್ದು ಎಂಬುದು ಅಲ್ಲಿ ಸಿಗುತ್ತದೆ. ಅದರ ಸ್ಕ್ರೀನ್‌ಶಾಟ್ ಕೂಡ ಇರಲಿ.

ಸ್ಕ್ರೀನ್ ರೆಕಾರ್ಡಿಂಗ್ ಮಾಡಿ. ಪ್ರೊಫೈಲಿನಿಂದ ಶುರುಮಾಡಿ ಪೋಸ್ಟ್ ತೆರೆದು, ಕಮೆಂಟುಗಳ ತನಕ ಎಲ್ಲೂ ನಿಲ್ಲಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸಿ. ಬಿಡಿ ಸ್ಕ್ರೀನ್‌ಶಾಟ್‌ಗಳನ್ನು ನೀವೇ ಸೃಷ್ಟಿಸಿದ್ದು ಎಂದು ವಾದಿಸುವುದು ಸುಲಭ. ಒಂದಕ್ಕೊಂದು ಕೊಂಡಿಯಾಗಿ ಸಾಗುವ ವಿಡಿಯೊ ಬಗ್ಗೆ ಹಾಗೆ ಹೇಳುವುದು ಕಷ್ಟ. ಸ್ಟೋರಿಗಳು 24 ಗಂಟೆಯಲ್ಲಿ ಮಾಯವಾಗುತ್ತವೆ, ಅವುಗಳನ್ನು ಮೊದಲು ಹಿಡಿದಿಡಿ.

ವಾಟ್ಸ್‌ಆ್ಯಪ್‌ಗೆ ಪ್ರತ್ಯೇಕ ಎಚ್ಚರ ಬೇಕು. ಕಳಿಸಿದವನ ಹೆಸರಿನ ಮೇಲೆ ಒತ್ತಿ, ನಂಬರ್ ಕಾಣುವ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ. ಚಾಟ್ ಅನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಗ್ರೂಪಿನಲ್ಲಿ ಬಂದಿದ್ದರೆ ಗ್ರೂಪಿನ ಹೆಸರು, ಅಡ್ಮಿನ್‌ಗಳ ನಂಬರ್ ಉಳಿಸಿಕೊಳ್ಳಿ. ಆಘಾತದಲ್ಲಿ ತಕ್ಷಣ ಗ್ರೂಪ್ ಬಿಡುವವರೇ ಹೆಚ್ಚು. ಬಿಟ್ಟ ಮೇಲೆ ಅಲ್ಲಿ ಮುಂದೆ ಏನು ನಡೆಯಿತು, ಯಾರು ಅದನ್ನು ಮತ್ತೆ ಹಂಚಿದರು ಎಂಬುದು ನಿಮಗೆ ಕಾಣುವುದಿಲ್ಲ. "ಒಮ್ಮೆ ಮಾತ್ರ ನೋಡಿ" ಎಂದು ಕಳಿಸಿದ ಚಿತ್ರದ ಸ್ಕ್ರೀನ್‌ಶಾಟ್ ತೆಗೆಯಲು ಆ್ಯಪ್ ಬಿಡುವುದಿಲ್ಲ. ಇನ್ನೊಂದು ಫೋನ್ ಬೇಕು ಎಂದದ್ದು ಇದಕ್ಕೇ.

ಇಮೇಲ್ ಬೆದರಿಕೆಯನ್ನು ಫಾರ್ವರ್ಡ್ ಮಾಡಿ ಇಟ್ಟರೆ ಸಾಲದು. ಅದು ಎಲ್ಲಿಂದ ಹೊರಟು ಯಾವ ದಾರಿಯಲ್ಲಿ ಬಂತೆಂಬ ವಿವರ ಮೂಲ ಸಂದೇಶದ ಹೆಡರ್‌ನಲ್ಲಿರುತ್ತದೆ, ಫಾರ್ವರ್ಡ್ ಮಾಡಿದಾಗ ಅದು ಜೊತೆಗೆ ಹೋಗುವುದಿಲ್ಲ. ಜಿಮೇಲ್‌ನಲ್ಲಿ "ಶೋ ಒರಿಜಿನಲ್" ಒತ್ತಿ ಆ ಕಡತವನ್ನು ಡೌನ್‌ಲೋಡ್ ಮಾಡಿ.

ದಿನಚರಿ ಪಟ್ಟಿ ಬರೆಯಿರಿ. ಒಂದು ಘಟನೆಗೆ ಒಂದು ಸಾಲು ಸಾಕು. ಹೀಗೆ:

"4. ಮಾರ್ಚ್ 12, ರಾತ್ರಿ 9.40. ಇನ್‌ಸ್ಟಾಗ್ರಾಂ. ಖಾತೆ ಮತ್ತು ಪೋಸ್ಟಿನ ಲಿಂಕ್. ನನ್ನ ಕಾಲೇಜಿನ ಫೋಟೊದ ಮುಖವನ್ನು ಬೇರೆ ದೇಹಕ್ಕೆ ಜೋಡಿಸಿದ ಚಿತ್ರ. ಮೊದಲು ನೋಡಿ ಹೇಳಿದ್ದು ತಂಗಿ. ಸ್ಕ್ರೀನ್‌ಶಾಟ್ 4-ಅ, 4-ಆ. ಕಂಪನಿಗೆ ವರದಿ: ಮಾರ್ಚ್ 13, ಬೆಳಿಗ್ಗೆ 8."

ವಾರ ಕಳೆದ ಮೇಲೆ "ಅದು ಯಾವತ್ತು ಬಂತು?" ಎಂದು ಯಾರಾದರೂ ಕೇಳಿದರೆ ನೆನಪಿಗಿಂತ ಈ ಸಾಲು ಗಟ್ಟಿ.

ಮೂಲ ಫೋನ್ ಮತ್ತು ಮೂಲ ಕಡತ ಎರಡನ್ನೂ ಕಾಪಾಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಜೊತೆಗೊಂದು ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದನ್ನು ದಾಖಲೆ ಕೊಡುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ ನಮೂದಿಸಬೇಕು. ಹ್ಯಾಶ್ ಎಂದರೆ ಕಡತವನ್ನು ಲೆಕ್ಕಕ್ಕೆ ಒಡ್ಡಿದಾಗ ಸಿಗುವ ಉದ್ದನೆಯ ಗುರುತುಸಂಖ್ಯೆ. ಕಡತದಲ್ಲಿ ಚೂರು ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ ಚಿತ್ರ ಕುಗ್ಗುವುದರಿಂದ ಅದರ ಹ್ಯಾಶ್ ಮೂಲಕ್ಕೆ ತಾಳೆಯಾಗುವುದಿಲ್ಲ. ಆದ್ದರಿಂದ ಕಡತಗಳನ್ನು ಕೇಬಲ್ ಹಾಕಿ ಪೆನ್‌ಡ್ರೈವ್‌ಗೆ ನಕಲು ಮಾಡಿ. ಫೋನನ್ನು ರೀಸೆಟ್ ಮಾಡಬೇಡಿ, ಎಕ್ಸ್‌ಚೇಂಜ್‌ಗೆ ಕೊಡಬೇಡಿ.

ಈ ಹಂತದಲ್ಲಿ ಆಗುವ ಮೂರು ಅಪಾಯಕಾರಿ ತಪ್ಪುಗಳು:

ಒಂದು, "ನಿನಗೆ ಬಂದದ್ದನ್ನು ನನಗೂ ಕಳಿಸು" ಎಂದು ಹತ್ತಾರು ಜನರಿಗೆ ಹೇಳುವುದು. ಅಶ್ಲೀಲ ಚಿತ್ರ ಸಾಕ್ಷ್ಯದ ನೆಪದಲ್ಲೇ ಇನ್ನಷ್ಟು ಫೋನುಗಳಿಗೆ ಹೋಗುತ್ತದೆ. ಅಂಥದ್ದನ್ನು ರವಾನಿಸುವುದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಸೆಕ್ಷನ್ 67 ಮತ್ತು 67ಎ ಅಡಿ ಅಪರಾಧ ಕೂಡ. ಅವರಿಂದ ಲಿಂಕ್, ಕಳಿಸಿದವನ ನಂಬರ್, ದಿನಾಂಕ ಇಷ್ಟನ್ನೇ ಪಡೆಯಿರಿ.

ಎರಡು, ಚಿತ್ರದಲ್ಲಿರುವವಳು 18 ವರ್ಷದೊಳಗಿನ ಹುಡುಗಿಯಾಗಿದ್ದರೆ ಅದನ್ನು ಡೌನ್‌ಲೋಡ್ ಮಾಡುವುದು. ಅಂಥ ಚಿತ್ರ ಇಳಿಸಿಕೊಳ್ಳುವುದನ್ನೂ ಸೆಕ್ಷನ್ 67ಬಿ ಅಪರಾಧ ಎನ್ನುತ್ತದೆ. ಲಿಂಕ್ ಬರೆದುಕೊಂಡು ನೇರವಾಗಿ ಪೊಲೀಸರಿಗೆ ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಮೂರು, ನಗ್ನ ಚಿತ್ರವಿರುವ ಪುಟವನ್ನು ಇಂಟರ್ನೆಟ್ ಆರ್ಕೈವ್ ತಾಣಗಳಲ್ಲಿ ಉಳಿಸುವುದು. ಸುಳ್ಳು ಬರಹದ ಪುಟಕ್ಕೆ ಆ ಉಪಾಯ ಒಳ್ಳೆಯದು. ಚಿತ್ರಕ್ಕೆ ಬಳಸಿದರೆ ಅಳಿಸಬೇಕಾದ ಪ್ರತಿ ಇನ್ನೊಂದು ಹುಟ್ಟಿಕೊಳ್ಳುತ್ತದೆ.

## ಹಂತ 3: ಖಾತೆಗಳಿಗೆ ಬೀಗ, ಈಗ ಬ್ಲಾಕ್

ಇಮೇಲ್‌ನಿಂದ ಶುರುಮಾಡಿ. ಬೇರೆ ಎಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ. ಫೇಸ್‌ಬುಕ್ ಪಾಸ್‌ವರ್ಡ್ ಬದಲಿಸಿ ಇಮೇಲ್ ಹಾಗೇ ಬಿಟ್ಟರೆ ಬಾಗಿಲು ತೆರೆದೇ ಇರುತ್ತದೆ. ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ದೃಢೀಕರಣ ಹಾಕಿ. ರಿಕವರಿಗೆ ಕೊಟ್ಟಿರುವ ಫೋನ್ ನಂಬರ್, ಇಮೇಲ್ ನಿಮ್ಮದೇ ಎಂದು ನೋಡಿಕೊಳ್ಳಿ. ಹಳೆಯ ಗೆಳೆಯನ ನಂಬರ್ ವರ್ಷಗಟ್ಟಲೆ ಅಲ್ಲೇ ಉಳಿದಿರುವುದುಂಟು.

ಆಮೇಲೆ ವಾಟ್ಸ್‌ಆ್ಯಪ್‌ನ ಲಿಂಕ್ಡ್ ಡಿವೈಸಸ್ ಪಟ್ಟಿ ತೆರೆಯಿರಿ. ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಅಲ್ಲಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಹೊರಹಾಕಿ. ಆರಂಕಿಯ ಪಿನ್ ಇಡಿ. ಲೊಕೇಶನ್ ಹಂಚಿಕೆ ಯಾರ ಜೊತೆ ಚಾಲೂ ಇದೆ ಎಂದು ಗೂಗಲ್ ಮ್ಯಾಪ್ಸ್‌ನಲ್ಲಿ ನೋಡಿ. ಸ್ನೇಹಿತರ ಪಟ್ಟಿ ಮರೆಮಾಡಿ. ಸುಲಿಗೆ ಮಾಡುವವನು "ಇವರಿಗೆಲ್ಲ ಕಳಿಸುತ್ತೇನೆ" ಎಂದು ಹೆದರಿಸುವುದು ಸಾಮಾನ್ಯವಾಗಿ ಅದೇ ಪಟ್ಟಿಯನ್ನು ಮುಂದಿಟ್ಟುಕೊಂಡು.

ತೊಂದರೆ ಕೊಡುತ್ತಿರುವವನು ಗಂಡ, ಮಾಜಿ ಸಂಗಾತಿ ಅಥವಾ ಮನೆಯವರೇ ಆಗಿದ್ದು, ನಿಮ್ಮ ಫೋನ್ ಅವನ ಕೈಗೆ ಸಿಗುತ್ತಿದ್ದರೆ ಈ ಬದಲಾವಣೆಗಳನ್ನು ನಿಮ್ಮ ಫೋನಿನಲ್ಲಿ ಮಾಡಬೇಡಿ. ಅದರಲ್ಲಿ ಕಣ್ಗಾವಲು ಆ್ಯಪ್ ಇರಬಹುದು. ನಂಬಿಕಸ್ಥರ ಫೋನ್ ಬಳಸಿ, ಹೊಸ ಇಮೇಲ್ ತೆರೆದು ದೂರಿನ ವ್ಯವಹಾರವನ್ನೆಲ್ಲ ಅದರಲ್ಲೇ ನಡೆಸಿ. ಅನುಮಾನದ ಆ್ಯಪ್ ಕಂಡರೂ ಒಮ್ಮೆಲೇ ತೆಗೆಯಬೇಡಿ. ತೆಗೆದದ್ದು ಅವನಿಗೆ ಗೊತ್ತಾದ ಕ್ಷಣ ಮನೆಯಲ್ಲಿ ಏನಾಗಬಹುದೆಂದು ಮೊದಲು ಯೋಚಿಸಿ, ಸುರಕ್ಷಿತ ಜಾಗ ಗೊತ್ತುಮಾಡಿಕೊಂಡ ಮೇಲೆ ಮುಂದುವರಿಯಿರಿ. ಮಹಿಳಾ ಸಹಾಯವಾಣಿ 181 ಇಂಥ ಹೊತ್ತಿಗೆ ಒದಗುತ್ತದೆ.

ಇಷ್ಟಾದ ಮೇಲೆ ಬ್ಲಾಕ್ ಮಾಡಿ. ಒಬ್ಬನೇ ಮತ್ತೆ ಮತ್ತೆ ಬೆದರಿಸುತ್ತಿದ್ದರೆ ಇನ್‌ಸ್ಟಾಗ್ರಾಂನ "ರಿಸ್ಟ್ರಿಕ್ಟ್" ಆಯ್ಕೆ ಮೇಲು. ಅವನ ಕಮೆಂಟ್ ಬೇರೆಯವರಿಗೆ ಕಾಣುವುದಿಲ್ಲ, ಅವನಿಗೆ ಅದು ತಿಳಿಯುವುದಿಲ್ಲ, ಬೆದರಿಕೆಯ ದಾಖಲೆ ಮಾತ್ರ ಸೇರುತ್ತಾ ಹೋಗುತ್ತದೆ. ಆ ಇನ್‌ಬಾಕ್ಸ್ ನೋಡುವ ಕೆಲಸ ನಿಮ್ಮ ನಂಬಿಕಸ್ಥರದ್ದಾಗಲಿ.

## ಹಂತ 4: ಪೋಸ್ಟ್ ತೆಗೆಸುವುದು

ರಿಪೋರ್ಟ್ ಬಟನ್ ಒತ್ತಿದಾಗ "ನನಗೆ ಇಷ್ಟವಿಲ್ಲ" ಎಂಬ ಕಾರಣ ಆರಿಸಿದರೆ ಪೋಸ್ಟ್ ನಿಮ್ಮ ಕಣ್ಣಿಗೆ ಕಾಣದಂತಾಗಬಹುದೇ ಹೊರತು ಬೇರೇನೂ ಆಗಲಿಕ್ಕಿಲ್ಲ. ಒಪ್ಪಿಗೆಯಿಲ್ಲದ ಖಾಸಗಿ ಚಿತ್ರ, ಸೋಗು ಹಾಕಿದ ಖಾತೆ, ಬೆದರಿಕೆ ಇವುಗಳಲ್ಲಿ ಯಾವುದು ಹೊಂದುತ್ತದೋ ಅದನ್ನೇ ಆರಿಸಿ.

ಆ ಬಟನ್ ಅಲ್ಲದೆ ಇನ್ನೊಂದು ದಾರಿ ಇದೆ, ಹಲವರಿಗೆ ಗೊತ್ತಿಲ್ಲ. ಪ್ರತಿ ಸಾಮಾಜಿಕ ಜಾಲತಾಣವೂ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರವನ್ನು ತನ್ನ ತಾಣದಲ್ಲಿ ಪ್ರಕಟಿಸಬೇಕೆಂದು 2021ರ ಐಟಿ ನಿಯಮಗಳು ಹೇಳುತ್ತವೆ. ನಗ್ನ ಅಥವಾ ಲೈಂಗಿಕ ಚಿತ್ರ, ತಿರುಚಿದ ಚಿತ್ರ, ಸೋಗು ಹಾಕಿದ ಖಾತೆ ಇಂಥವುಗಳ ಬಗ್ಗೆ ದೂರು ಹೋದರೆ ನಿಯಮ 3(2)(ಬಿ) ಅಡಿ ಕಂಪನಿ 2 ಗಂಟೆಗಿಂತ ಹೆಚ್ಚು ಕಾಲ ಅದನ್ನು ಉಳಿಸಿಕೊಳ್ಳುವಂತಿಲ್ಲ (2026ರ ಫೆಬ್ರುವರಿಯ ತಿದ್ದುಪಡಿಗೆ ಮೊದಲು ಇದು 24 ಗಂಟೆ ಇತ್ತು). ನಿಮ್ಮ ಪರವಾಗಿ ಬೇರೆಯವರೂ ಈ ದೂರು ಕೊಡಬಹುದು. ಪತ್ರದಲ್ಲಿ ನಿಯಮದ ಸಂಖ್ಯೆ, ಪೋಸ್ಟಿನ ಲಿಂಕ್, "ಚಿತ್ರದಲ್ಲಿರುವುದು ನಾನು, ಒಪ್ಪಿಗೆ ಕೊಟ್ಟಿಲ್ಲ" ಎಂಬ ಒಂದು ಸಾಲು ಇರಲಿ. ಅಷ್ಟೇ ಸಾಕು. ಅಧಿಕಾರಿಯ ತೀರ್ಮಾನ ಸರಿಯೆನಿಸದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು.

ಪೋಸ್ಟ್ ತೆಗೆಸಿದರೆ ಪೊಲೀಸರಿಗೆ ಸಾಕ್ಷ್ಯ ಸಿಗುವುದಿಲ್ಲವೇ ಎಂಬ ಅಳುಕು ಹಲವರಿಗಿದೆ. ದೂರಿನ ಮೇಲೆ ತೆಗೆದುಹಾಕಿದ ವಿಷಯವನ್ನು ತನಿಖೆಗಾಗಿ 180 ದಿನ ಉಳಿಸಿಡಬೇಕೆಂದು ಅದೇ ನಿಯಮಗಳು ಹೇಳುತ್ತವೆ. ಹಂತ 2 ಮುಗಿದಿದ್ದರೆ ಧೈರ್ಯವಾಗಿ ತೆಗೆಸಿ. ಆದರೆ ಆ 180 ದಿನ ಮುಗಿಯುವ ತನಕ ಪೊಲೀಸ್ ದೂರನ್ನು ಮುಂದೂಡಬೇಡಿ.

ಖಾಸಗಿ ಚಿತ್ರ ಇನ್ನೂ ಹೊರಬಂದಿಲ್ಲ, ಬಿಡುತ್ತೇನೆ ಎಂದು ಹೆದರಿಸುತ್ತಿದ್ದಾನೆ ಎಂದಾದರೆ ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಸೇವೆ ಬಳಸಿ. 18 ದಾಟಿದವರಿಗೆ ಇದು. ಚಿತ್ರದ ಹ್ಯಾಶ್ ನಿಮ್ಮ ಫೋನಿನಲ್ಲೇ ತಯಾರಾಗುತ್ತದೆ. ಹೊರಗೆ ಹೋಗುವುದು ಆ ಸಂಖ್ಯೆ ಮಾತ್ರ, ಚಿತ್ರ ಅಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ರೆಡಿಟ್ ಮುಂತಾದ ಪಾಲುದಾರ ಕಂಪನಿಗಳು ಆ ಸಂಖ್ಯೆಗೆ ತಾಳೆಯಾಗುವ ಚಿತ್ರವನ್ನು ಗುರುತಿಸಿ ತಡೆಯಬಲ್ಲವು. ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ಚಿತ್ರಕ್ಕೂ ಅನ್ವಯಿಸುತ್ತದೆ. ಕೊನೆಯಲ್ಲಿ ಸಿಗುವ ಪ್ರಕರಣ ಸಂಖ್ಯೆ ಮತ್ತು ಪಿನ್ ಬರೆದಿಟ್ಟುಕೊಳ್ಳಿ, ಕಳೆದುಕೊಂಡರೆ ಮತ್ತೆ ಕೊಡುವುದಿಲ್ಲ. ಪಾಲುದಾರರಲ್ಲದ ತಾಣಗಳಲ್ಲಿ ಇದು ನಡೆಯುವುದಿಲ್ಲ. 18ರ ಒಳಗಿನವರ ಚಿತ್ರಕ್ಕೆ "ಟೇಕ್ ಇಟ್ ಡೌನ್" ಎಂಬ ಇಂಥದೇ ಸೇವೆ ಇದೆ.

ಗೂಗಲ್ ಹುಡುಕಾಟದಿಂದ ತೆಗೆಸಲು ಬೇರೆಯೇ ಅರ್ಜಿ ಹಾಕಬೇಕು. ಹುಡುಕಾಟದಲ್ಲಿ ಬಾರದಂತೆ ಮಾಡಿದರೂ ಮೂಲ ತಾಣದಲ್ಲಿ ಚಿತ್ರ ಹಾಗೇ ಇರುತ್ತದೆ, ಎರಡೂ ಕಡೆ ಕೇಳಬೇಕು.

## ಹಂತ 5: ಪೊಲೀಸ್ ದೂರು

ಆನ್‌ಲೈನ್ ದಾರಿ ಎಂದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್: ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್. ಅಲ್ಲಿ ಮಹಿಳೆಯರು, ಮಕ್ಕಳಿಗೆ ಸಂಬಂಧಿಸಿದ ವಿಭಾಗ ಪ್ರತ್ಯೇಕವಾಗಿದೆ. ಹೆಸರು ಹೇಳದೆಯೂ ದೂರು ಕೊಡಬಹುದು, ಆದರೆ ಹಾಗೆ ಕೊಟ್ಟ ದೂರು ಎಲ್ಲಿಗೆ ಬಂತೆಂದು ನೋಡಲು ಆಗುವುದಿಲ್ಲ. ಅಪರಾಧಿ ಸಿಗಬೇಕೆಂದಿದ್ದರೆ "ರಿಪೋರ್ಟ್ ಆ್ಯಂಡ್ ಟ್ರ್ಯಾಕ್" ಆರಿಸಿ.

ಠಾಣೆಗೆ ಹೋಗುವುದಾದರೆ ಕರ್ನಾಟಕದಲ್ಲಿ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳು ಇಂಥ ದೂರುಗಳನ್ನು ನೋಡುತ್ತವೆ. ಹತ್ತಿರದ ಯಾವ ಠಾಣೆಯಾದರೂ ದೂರು ತೆಗೆದುಕೊಳ್ಳಬೇಕು. "ಇದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ" ಎಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ನೆನಪಿಸಿ. ಅಪರಾಧ ಎಲ್ಲೇ ನಡೆದಿರಲಿ, ಗಂಭೀರ ಅಪರಾಧದ ಮಾಹಿತಿ ದಾಖಲಿಸಿಕೊಳ್ಳಬೇಕು ಎನ್ನುತ್ತದೆ ಅದು. ಮಾಹಿತಿಯನ್ನು ಇಮೇಲ್‌ನಂಥ ದಾರಿಯಲ್ಲಿ ಕಳಿಸಿ ಮೂರು ದಿನದೊಳಗೆ ಹೋಗಿ ಸಹಿ ಹಾಕಬಹುದು. ಲೈಂಗಿಕ ಕಿರುಕುಳ, ಕದ್ದುನೋಡುವುದು, ಹಿಂಬಾಲಿಸುವುದು ಮುಂತಾದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರಹದಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು.

ದೂರು ಬಿದ್ದುಹೋಗುವುದು ಎಲ್ಲಿ? "ನನ್ನ ಮಾನ ಹೋಯಿತು, ಹೆಸರು ಕೆಡಿಸಿದ್ದಾರೆ, ಕ್ರಮ ಕೈಗೊಳ್ಳಿ" ಎಂದಷ್ಟೇ ಬರೆದಾಗ. ಮಾನಹಾನಿ ಎಂಬುದು ಕೋರ್ಟಿನ ಅನುಮತಿಯಿಲ್ಲದೆ ಪೊಲೀಸರು ತಾವಾಗಿ ತನಿಖೆ ನಡೆಸಬಹುದಾದ ಅಪರಾಧ ಅಲ್ಲ. ಹಾಗಾಗಿ ಹಿಂಬರಹ ಕೊಟ್ಟು ಕಳಿಸುತ್ತಾರೆ. ನಿಮಗಾದ ನೋವಿನ ಜೊತೆ ಅವನು ಮಾಡಿದ ಕೃತ್ಯವೂ ಕಾಗದದಲ್ಲಿ ಎದ್ದು ಕಾಣಬೇಕು. ಒಂದು ಮಾದರಿ:

"ದಿನಾಂಕ … ರಂದು ರಾತ್ರಿ 9.40ಕ್ಕೆ ಇನ್‌ಸ್ಟಾಗ್ರಾಂನ … ಖಾತೆಯಲ್ಲಿ ನನ್ನ ಮುಖವನ್ನು ಬೇರೊಂದು ನಗ್ನ ದೇಹಕ್ಕೆ ಜೋಡಿಸಿದ ಚಿತ್ರ ಪ್ರಕಟವಾಗಿದೆ. ಮೂಲ ಫೋಟೊವನ್ನು ನಾನು … ರಂದು ನನ್ನ ಫೇಸ್‌ಬುಕ್ ಖಾತೆಯಲ್ಲಿ ಹಾಕಿದ್ದೆ. ಅದೇ ಖಾತೆಯಿಂದ … ರಂದು, ಹಣ ಕೊಡದಿದ್ದರೆ ಚಿತ್ರವನ್ನು ನನ್ನ ಮನೆಯವರಿಗೆ ಕಳಿಸುವುದಾಗಿ ಸಂದೇಶ ಬಂದಿದೆ. ಲಿಂಕ್‌ಗಳು ಮತ್ತು ಸ್ಕ್ರೀನ್‌ಶಾಟ್‌ಗಳನ್ನು ಲಗತ್ತು 1ರಿಂದ 6ರಲ್ಲಿ ನೀಡಿದ್ದೇನೆ."

ಸೆಕ್ಷನ್ ಬರೆಯುವುದು ಪೊಲೀಸರ ಕೆಲಸ, ಆದರೂ ನಿಮಗೆ ಗೊತ್ತಿದ್ದರೆ ಮಾತು ದಾರಿ ತಪ್ಪುವುದಿಲ್ಲ. ಇಂಟರ್ನೆಟ್‌ನಲ್ಲಿ ಹೆಣ್ಣೊಬ್ಬಳ ಚಲನವಲನ ಗಮನಿಸುತ್ತಾ ಬೆನ್ನುಬೀಳುವುದು ಭಾರತೀಯ ನ್ಯಾಯ ಸಂಹಿತೆಯ 78; ಲೈಂಗಿಕ ಮಾತುಗಳು 75; ಒಪ್ಪಿಗೆಯಿಲ್ಲದೆ ಖಾಸಗಿ ಕ್ಷಣದ ಚಿತ್ರ ತೆಗೆಯುವುದು, ಹರಡುವುದು 77; ಮರ್ಯಾದೆಗೆ ಧಕ್ಕೆ ತರುವ ಮಾತು, ಸನ್ನೆ 79; ಹೆಸರು ಕೆಡಿಸಲೆಂದು ದಾಖಲೆ ಫೋರ್ಜರಿ ಮಾಡುವುದು 336(4); ಸುಲಿಗೆ 308. ಐಟಿ ಕಾಯ್ದೆಯಲ್ಲಿ ಗುರುತು ಕಳವು 66ಸಿ, ಸೋಗು ಹಾಕಿ ವಂಚನೆ 66ಡಿ, ಖಾಸಗಿತನದ ಉಲ್ಲಂಘನೆ 66ಇ. ಈಗಲೂ ಕೆಲವರು 66ಎ ಎಂದು ಬರೆದು ತರುತ್ತಾರೆ. ಅದನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ.

ಫೋನ್ ಒಪ್ಪಿಸಲು ಹೇಳಿದರೆ ಬ್ಯಾಕಪ್ ತೆಗೆದುಕೊಂಡು, ಮಾದರಿ ಮತ್ತು ಐಎಂಇಐ ಸಂಖ್ಯೆ ಬರೆದ ಸ್ವೀಕೃತಿ ಪಡೆದು ಕೊಡಿ. ಕಿರುಕುಳ ಕೊಟ್ಟವನು ಸಹೋದ್ಯೋಗಿಯಾಗಿದ್ದರೆ ಕಚೇರಿಯ ಆಂತರಿಕ ಸಮಿತಿಗೂ ದೂರು ಕೊಡಬಹುದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಅದಕ್ಕೆ ಮೂರು ತಿಂಗಳ ಗಡುವಿದೆ.

## ಹಂತ 6: ಸುಳ್ಳಿಗೆ ಉತ್ತರ

ಮೊದಲು ಹತ್ತಿರದವರಿಗೆ ನೀವೇ ಹೇಳಿ. ಬೇರೆಯವರ ಬಾಯಿಂದ ಕೇಳಿದ ಮೇಲೆ ವಿವರಣೆ ಕೊಡುವುದಕ್ಕಿಂತ ಅದು ಎಷ್ಟೋ ಹಗುರ. ಚಿಕ್ಕದಾಗಿ, ತಲೆತಗ್ಗಿಸದೆ ಬರೆಯಿರಿ:

"ಚಿಕ್ಕಮ್ಮ, ನನ್ನ ಮುಖ ಅಂಟಿಸಿದ ಒಂದು ಸುಳ್ಳು ಫೋಟೊ ಓಡಾಡ್ತಿದೆ. ಪೊಲೀಸರಿಗೆ ದೂರು ಕೊಟ್ಟಿದ್ದೀನಿ. ನಿಮಗೆ ಬಂದ್ರೆ ಯಾರಿಗೂ ಕಳಿಸಬೇಡಿ, ಯಾವ ನಂಬರಿಂದ ಬಂತು ಅಂತ ಮಾತ್ರ ನನಗೆ ಹೇಳಿ."

ಗ್ರೂಪಿನ ಅಡ್ಮಿನ್‌ಗೆ ಖಾಸಗಿಯಾಗಿ ಬರೆಯಿರಿ, ಗ್ರೂಪಿನೊಳಗೆ ಜಗಳಕ್ಕೆ ಇಳಿಯಬೇಡಿ: "ಅಣ್ಣಾ, ನಿಮ್ಮ ಗ್ರೂಪಲ್ಲಿ ಇವತ್ತು ಸಂಜೆ 6ಕ್ಕೆ ಬಂದ ವಿಡಿಯೊ ಸುಳ್ಳು. ದಯವಿಟ್ಟು ತೆಗೆಯಿರಿ, ತೆಗೆದಿದ್ದೀವಿ ಅಂತ ಒಂದು ಸಾಲು ಹಾಕಿ." ವಾಟ್ಸ್‌ಆ್ಯಪ್‌ನಲ್ಲಿ ಸದಸ್ಯರು ಹಾಕಿದ್ದನ್ನು ಅಡ್ಮಿನ್ ಎಲ್ಲರಿಗೂ ಕಾಣದಂತೆ ಅಳಿಸಬಹುದು. ಕಳಿಸಿದವನ ನಂಬರ್ ಇರುವ ಸ್ಕ್ರೀನ್‌ಶಾಟ್ ನಿಮ್ಮ ಬಳಿ ಇದೆಯೇ ಎಂದು ನೋಡಿಕೊಂಡೇ ಈ ಮಾತು ಕೇಳಿ.

ಆಮೇಲೆ ಬಹಿರಂಗವಾಗಿ ಮಾತಾಡಬೇಕೇ ಎಂದು ತೀರ್ಮಾನಿಸಿ. ಸುಳ್ಳು ಒಂದೆರಡು ಗ್ರೂಪಿನಲ್ಲೇ ಇದ್ದರೆ ಅದರ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆಯುವುದು ಬೆಂಕಿಗೆ ತುಪ್ಪ ಸುರಿದಂತೆ. ಊರೆಲ್ಲ ಹಬ್ಬಿದ್ದರೆ ಮಾತ್ರ ಬರೆಯಿರಿ. ಮೊದಲ ಸಾಲು ನಿಜದ್ದಾಗಿರಲಿ: "ಈ ವಿಡಿಯೊದಲ್ಲಿರುವವಳು ನಾನಲ್ಲ." ನಂತರ ಸುಳ್ಳು ಏನೆಂದು ಒಂದೇ ಸಾಲು, ಮತ್ತೆ ನಿಜ ಮತ್ತು ದಾಖಲೆ. ಸುಳ್ಳು ಪೋಸ್ಟನ್ನು ಶೇರ್ ಮಾಡಿ ಮೇಲೆ ಬೈದು ಬರೆಯಬೇಡಿ, ಕಮೆಂಟಿನಲ್ಲಿ ವಾದಕ್ಕೆ ನಿಲ್ಲಬೇಡಿ. ಜನ ಹೆಚ್ಚು ಮಾತಾಡಿದಷ್ಟೂ ಆ ಪೋಸ್ಟ್ ಇನ್ನಷ್ಟು ಜನರ ಮುಂದೆ ಬರುತ್ತದೆ. ಸುಳ್ಳು ಚಿತ್ರ ತೋರಿಸಲೇಬೇಕಾದರೆ ಅಡ್ಡಲಾಗಿ ದಪ್ಪಕ್ಷರದಲ್ಲಿ "ಸುಳ್ಳು" ಎಂದು ಬರೆದೇ ತೋರಿಸಿ.

ನಿಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ ಎಂದರೆ ಮೂಲ ಚಿತ್ರ. ಚಿತ್ರ ಹಾಕಿದರೆ ಅದು ಬೇರೆಲ್ಲಿದೆ ಎಂದು ತೋರಿಸುವ ಗೂಗಲ್ ಲೆನ್ಸ್, ಟಿನ್‌ಐಯಲ್ಲಿ ಹುಡುಕಿ. ವಿಡಿಯೊ ಆದರೆ ಮೂರ್ನಾಲ್ಕು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಒಂದೊಂದಾಗಿ ಹುಡುಕಿ. 2023ರ ನವೆಂಬರ್‌ನಲ್ಲಿ ರಶ್ಮಿಕಾ ಮಂದಣ್ಣ ಅವರದ್ದೆಂದು ಹರಡಿದ ಲಿಫ್ಟ್ ವಿಡಿಯೊ ಡೀಪ್‌ಫೇಕ್ ಎಂದು ಸಾಬೀತಾಗಿದ್ದು ಹೀಗೆಯೇ. ಬೇರೊಬ್ಬ ಯುವತಿ ಹಿಂದಿನ ತಿಂಗಳು ತನ್ನ ಖಾತೆಯಲ್ಲಿ ಹಾಕಿದ್ದ ಮೂಲ ವಿಡಿಯೊ ಸಿಕ್ಕಿತು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಅನುಮಾನ ಉಳಿಯಲಿಲ್ಲ. "ಇದು ಶೇಕಡಾ ಇಷ್ಟು ಎಐ" ಎಂದು ಹೇಳುವ ಪತ್ತೆ ಉಪಕರಣಗಳನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಅವು ಎರಡೂ ಕಡೆ ತಪ್ಪುತ್ತವೆ. ನ್ಯೂಸ್‌ಚೆಕರ್, ನ್ಯೂಸ್‌ಮೀಟರ್‌ನಂಥ ಸತ್ಯಶೋಧನಾ ತಾಣಗಳು ಕನ್ನಡದಲ್ಲೂ ಕೆಲಸ ಮಾಡುತ್ತಿವೆ. ಮೂಲದ ಲಿಂಕ್ ಜೊತೆ ಅವರಿಗೆ ಬರೆಯಬಹುದು.

ಚಿತ್ರ ನಿಜವಾದದ್ದೇ ಆಗಿದ್ದು ಶೀರ್ಷಿಕೆ ಮಾತ್ರ ಸುಳ್ಳಾಗಿರುವುದೂ ಉಂಟು. ಸಂಬಂಧಿಕರ ಮದುವೆಯ ಫೋಟೊ ಹಾಕಿ ಬೇರೆ ಕಥೆ ಕಟ್ಟಿರುತ್ತಾರೆ. ಅಂಥಲ್ಲಿ "ಚಿತ್ರ ಸುಳ್ಳು" ಎಂದುಬಿಟ್ಟರೆ ನಿಮ್ಮ ಮಾತೇ ಸುಳ್ಳಾಗುತ್ತದೆ. "ಚಿತ್ರ ನನ್ನದೇ, ಇಂಥ ದಿನ ಇಂಥ ಕಡೆ ತೆಗೆದದ್ದು, ಕಟ್ಟಿರುವ ಕಥೆ ಸುಳ್ಳು" ಎನ್ನಿ. ಮಾಡಿದವನು ಯಾರೆಂಬ ಅನುಮಾನ ಎಷ್ಟೇ ಗಟ್ಟಿಯಾಗಿದ್ದರೂ ಹೆಸರನ್ನು ಪೊಲೀಸರಿಗೆ ಮಾತ್ರ ಹೇಳಿ. ಬಹಿರಂಗವಾಗಿ ಬರೆದರೆ ಮಾನಹಾನಿ ಮೊಕದ್ದಮೆ ನಿಮ್ಮ ಮೇಲೆಯೇ ತಿರುಗಬಹುದು.

## ಅಪಾಯ ಹೆಚ್ಚುತ್ತಿದೆ ಎನ್ನುವ ಸೂಚನೆಗಳು

"ಇವತ್ತು ನೀಲಿ ಚೂಡಿದಾರ್ ಚೆನ್ನಾಗಿತ್ತು" ಎಂಬಂಥ ಸಂದೇಶ ಬಂದರೆ ಅದರಲ್ಲಿ ಬೈಗುಳ ಇಲ್ಲವೆಂದು ಕಡೆಗಣಿಸಬೇಡಿ. ಬರೆದವನು ನಿಮ್ಮನ್ನು ಕಣ್ಣಾರೆ ನೋಡಿದ್ದಾನೆ. ಮನೆಯ ವಿಳಾಸ, ಗಾಡಿ ನಂಬರ್, ಮಕ್ಕಳ ಶಾಲೆ, ನೀವು ಬಸ್ ಹತ್ತುವ ಸಮಯ ಪೋಸ್ಟಿನಲ್ಲಿ ಕಾಣಿಸಿಕೊಂಡರೂ ಅಷ್ಟೇ. ಅದೇ ದಿನ ಠಾಣೆಗೆ ಹೋಗಿ, ದಾರಿ ಮತ್ತು ಸಮಯ ಬದಲಿಸಿ, ಒಬ್ಬರೇ ಓಡಾಡಬೇಡಿ.

ಒಂದೇ ವಾಕ್ಯ ಅಕ್ಷರವೂ ಬದಲಾಗದೆ ಹಲವು ಹೊಸ ಖಾತೆಗಳಿಂದ ಒಂದೇ ಹೊತ್ತಿಗೆ ಬರುತ್ತಿದ್ದರೆ ಅದು ಕೂಡಿ ನಡೆಸುತ್ತಿರುವ ದಾಳಿ. ಆಗ ಬಿಡಿ ಬಿಡಿ ದೂರು ಬೇಡ. ಖಾತೆಗಳ ಪಟ್ಟಿ, ತೆರೆದ ದಿನಾಂಕ, ಪೋಸ್ಟ್ ಮಾಡಿದ ಸಮಯ ಒಂದೇ ಹಾಳೆಯಲ್ಲಿ ಬರೆದು ಒಂದೇ ದೂರಿನೊಂದಿಗೆ ಕೊಡಿ.

ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕುವುದೇ ಬೇಡ ಅನ್ನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ತಪ್ಪು ಮಾಡಿದವನು ಚಿತ್ರ ಹರಡಿದವನು. ಆ ಚಿತ್ರ ನೀವೇ ನಂಬಿ ಕಳಿಸಿದ್ದಾಗಿದ್ದರೂ ಹರಡಿದವನೇ ಅಪರಾಧಿ.

## ಹಂತ 7: ಬೆನ್ನುಹತ್ತುವುದು

ತನಿಖೆ ನಿಧಾನ. ಮುಸ್ಲಿಂ ಮಹಿಳೆಯರ ಫೋಟೊಗಳನ್ನು "ಹರಾಜಿಗೆ" ಇಟ್ಟ ಸುಲ್ಲಿ ಡೀಲ್ಸ್ ಆ್ಯಪ್ ಕಾಣಿಸಿಕೊಂಡದ್ದು 2021ರ ಜುಲೈನಲ್ಲಿ. ಅದನ್ನು ರೂಪಿಸಿದ ಆರೋಪದ ಮೇಲೆ ದೆಹಲಿ ಪೊಲೀಸರು ಒಬ್ಬನನ್ನು ಬಂಧಿಸಿದ್ದು 2022ರ ಜನವರಿಯಲ್ಲಿ, ಬುಲ್ಲಿ ಬಾಯಿ ಎಂಬ ಇಂಥದೇ ಇನ್ನೊಂದು ಆ್ಯಪ್ ಹೊರಬಂದ ಮೇಲೆ. ತಿಂಗಳು ಕಳೆಯಿತೆಂದು ದಿನಚರಿ ಪಟ್ಟಿ ನಿಲ್ಲಿಸಬೇಡಿ. ಹೊಸದೇನು ಬಂದರೂ ಹೊಸ ಸಾಲು ಸೇರಿಸಿ, ತನಿಖಾಧಿಕಾರಿಗೆ ಬರಹದಲ್ಲಿ ಕಳಿಸಿ, ಕಳಿಸಿದ ದಿನಾಂಕವನ್ನೂ ಬರೆದುಕೊಳ್ಳಿ.

ವಾರಕ್ಕೊಮ್ಮೆ ನಿಮ್ಮ ಹೆಸರು, ಫೋನ್ ನಂಬರ್, ದುರ್ಬಳಕೆಯಾದ ಮೂಲ ಫೋಟೊ ಹಾಕಿ ಹುಡುಕಲು ಆ ನಂಬಿಕಸ್ಥರಿಗೆ ಹೇಳಿ. ಮತ್ತೆ ಕಂಡರೆ ಹಂತ 2ರಿಂದಲೇ ಶುರು: ಉಳಿಸಿ, ಆಮೇಲೆ ತೆಗೆಸಿ. ಮೇಲ್ಮನವಿಯ 30 ದಿನ, ಆಂತರಿಕ ಸಮಿತಿಯ ಮೂರು ತಿಂಗಳು, ಕಂಪನಿ ದಾಖಲೆ ಉಳಿಸುವ 180 ದಿನ ಈ ಮೂರು ಗಡುವುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಪೆನ್‌ಡ್ರೈವ್‌ನ ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ, ಇನ್ನೊಂದು ಬೇರೆ ಮನೆಯಲ್ಲಿ. ಪ್ರಕರಣ ಕೋರ್ಟಿನಲ್ಲಿ ಮುಗಿಯುವ ತನಕ ಹಳೆಯ ಫೋನನ್ನು ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಿಡಿ.